ಒಂದೇ ದ್ರಾಕ್ಷಿ, ಎರಡು ಊರು: ಕಾರವಾರದಲ್ಲಿ ಕೂತು ವೈನ್ ರುಚಿ ನೋಡಿದ ಕತೆ

ಕೋಡಿಬಾಗದ ಗಾಳಿ:
ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ. ನನಗೆ ವೈನ್ ಬಗ್ಗೆ ಗೊತ್ತಿದ್ದದ್ದು ಎರಡೇ. ಒಂದು, ಕ್ರಿಸ್ಮಸ್ಸಿಗೆ ಪಕ್ಕದ ಮನೆಯವರು ಕೇಕಿನ ಜೊತೆ ಸಣ್ಣ ಗ್ಲಾಸಲ್ಲಿ ಕೊಡುವುದು. ಇನ್ನೊಂದು, ಗೋವಾಕ್ಕೆ ಹೋದಾಗ ಕುಡಿಯುವ ಪೋರ್ಟ್. ಎರಡೂ ಸಿಹಿಯೇ. ಹಾಗಾಗಿ ವೈನ್ ಅಂದರೆ ಕೆಮ್ಮಿನ ಔಷಧದ ಅಕ್ಕ ಅಂತಲೇ ನಾನು ತಿಳಿದಿದ್ದೆ.

ಕಳೆದ ತಿಂಗಳು ತಮ್ಮ ಬೆಂಗಳೂರಿಂದ ಬರುವಾಗ ಎರಡು ಬಾಟಲಿ ತಂದ. ಎರಡರ ಮೇಲೂ ಸೊವಿನ್ಯೋ ಬ್ಲಾಂ ಅಂತ ಬಿಳಿ ವೈನಿನ ದ್ರಾಕ್ಷಿಯ ಹೆಸರು ಬರೆದಿತ್ತು. ಒಂದು ನಾಸಿಕದ್ದು, ಇನ್ನೊಂದು ನ್ಯೂಜಿಲೆಂಡಿನ ಮಾರ್ಲ್‌ಬರೋದ್ದು. "ದ್ರಾಕ್ಷಿ ಒಂದೇ ಜಾತಿ, ಊರು ಮಾತ್ರ ಬೇರೆ, ಎರಡನ್ನೂ ಒಟ್ಟಿಗೆ ಕುಡಿದು ನೋಡು" ಅಂದ. ನಾನು ನಂಬಲಿಲ್ಲ. ಒಂದೇ ದ್ರಾಕ್ಷಿ ಅಂದಮೇಲೆ ಎಷ್ಟು ವ್ಯತ್ಯಾಸ ಇರಲು ಸಾಧ್ಯ, ಅಲ್ವಾ?

ನಾಸಿಕದ್ದು ಮೂಗಿಗೆ ಹಿಡಿದರೆ ಆಗ ತಾನೇ ಮುರಿದ ಹಸಿಮೆಣಸು, ಅದರ ಹಿಂದೆ ಸ್ವಲ್ಪ ಹುಲ್ಲು. ಮಾರ್ಲ್‌ಬರೋದ್ದು ಹಾಗಲ್ಲ. ಗ್ಲಾಸ್ ಹತ್ತಿರ ತರುವ ಮೊದಲೇ ಶರಬತ್ತಿನ ಹಣ್ಣು (ಪ್ಯಾಶನ್ ಫ್ರೂಟ್)! ಶಿರಸಿಯ ಅಜ್ಜನಮನೆಯಲ್ಲಿ ಬೇಲಿಗೆ ಹಬ್ಬಿದ ಆ ಬಳ್ಳಿಯ ಹಣ್ಣನ್ನು ಎರಡು ಹೋಳು ಮಾಡಿದಾಗ ಬರುತ್ತದಲ್ಲ, ಅದೇ ವಾಸನೆ. ಹುಳಿಯೂ ಜಾಸ್ತಿ, ದವಡೆಯ ಮೂಲೆಯಲ್ಲಿ ನೀರು ಬರಿಸುವ ಹುಳಿ. ಒಂದು ಗಂಟೆ ನಾವಿಬ್ಬರೂ ಗ್ಲಾಸ್ ಅದಲು ಬದಲು ಮಾಡುತ್ತಾ ಕೂತೆವು.

ನನ್ನ ಪ್ರಶ್ನೆ ಇಷ್ಟೇ. ಒಂದು, ಇಷ್ಟು ವ್ಯತ್ಯಾಸ ಯಾಕೆ? ಎರಡು, ಮುಂದೆ ಯಾವ ಜೋಡಿ ನೋಡಬೇಕು? ಮೂರು, ಬಾಟಲಿಯ ಹಿಂದೆ ಬರೆಯುವ ಹಣ್ಣುಗಳಲ್ಲಿ ಅರ್ಧವನ್ನು ನಾನು ಕಣ್ಣಲ್ಲೂ ನೋಡಿಲ್ಲ. ಅದರಲ್ಲಿ ಗೂಸ್‌ಬೆರಿ ಅಂತ ಇತ್ತು. ನೆಲ್ಲಿಕಾಯಿ ಅಂತ ತಿಳಿದು ಒಂದು ಜಗಿದು ನೋಡಿದೆ, ಸಂಬಂಧವೇ ಇಲ್ಲ.

ಬಿಜಾಪುರದ ಬಳ್ಳಿ:
ಅಕ್ಕಾರ, ಆ ಗೂಸ್‌ಬೆರಿ ಬ್ಯಾರೆ, ನಮ್ಮ ನೆಲ್ಲಿಕಾಯಿ ಬ್ಯಾರೆ. ಯುರೋಪಿನದು ಮುಳ್ಳುಗಿಡದ ಹಣ್ಣು. ಇಂಗ್ಲಿಷಿನವರು ನಮ್ಮದಕ್ಕೂ ಅದೇ ಹೆಸರಿಟ್ಟು ಗೊಂದಲ ಮಾಡಿದ್ದಾರೆ.

ನಾನು ನೌಕರಿಗೆ ಅಂತ ಕಾರವಾರಕ್ಕೆ ಬಂದವನು. ಊರಲ್ಲಿ ಮನೆಯವರದು ದ್ರಾಕ್ಷಿ ತೋಟ, ತಿನ್ನುವ ಮತ್ತು ಒಣದ್ರಾಕ್ಷಿಯ ತಳಿ, ವೈನಿನದಲ್ಲ. ಆದರೂ ಬಳ್ಳಿಯ ಕೆಲಸ ಒಂದೇ ರೀತಿ. ಯುರೋಪಿನಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತಕ್ಕೆ ಏಳುತ್ತದೆ, ಸೆಪ್ಟೆಂಬರ್-ಅಕ್ಟೋಬರಿಗೆ ಕೊಯ್ಲು. ನಮ್ಮ ಕಡೆ ಬಳ್ಳಿಗೆ ನಿದ್ದೆ ಅನ್ನುವುದೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತೇವೆ. ಏಪ್ರಿಲ್ ಹೊತ್ತಿಗೆ ಒಂದು, ಅದು ಕಡ್ಡಿ ಗಟ್ಟಿಯಾಗಲು. ಮಳೆ ಹಿಂದೆ ಸರಿದ ಮೇಲೆ ಸೆಪ್ಟೆಂಬರ್-ಅಕ್ಟೋಬರಿಗೆ ಇನ್ನೊಂದು, ಅದು ಹಣ್ಣಿಗೆ. ನಾಸಿಕದಲ್ಲೂ ಇದೇ ಲೆಕ್ಕ. ಅಲ್ಲಿ ವೈನಿನ ದ್ರಾಕ್ಷಿ ಕೊಯ್ಯುವುದು ಜನವರಿಯಿಂದ ಮಾರ್ಚ್ ಒಳಗೆ. ಹಣ್ಣು ಮಾಗುತ್ತಾ ಹೋದ ಹಾಗೆ ಬಿಸಿಲೂ ಏರುತ್ತಾ ಹೋಗುತ್ತದೆ. ಸಕ್ಕರೆ ಬೇಗ ತುಂಬುತ್ತದೆ, ಹುಳಿ ಬೇಗ ಇಳಿಯುತ್ತದೆ. ಹುಳಿ ಉಳಿಸಿಕೊಳ್ಳಬೇಕು ಅಂದರೆ ಬೇಗ ಕೊಯ್ಯಬೇಕು. ಬೇಗ ಕೊಯ್ದರೆ ಆ ಹಸಿಮೆಣಸಿನ ವಾಸನೆ ಉಳಿಯುತ್ತದೆ.

ಮಾರ್ಲ್‌ಬರೋ ಇರುವುದು ಭೂಮಧ್ಯರೇಖೆಯಿಂದ ಸುಮಾರು 41 ಡಿಗ್ರಿ ದಕ್ಷಿಣಕ್ಕೆ. ಹಗಲಿಗೆ ಒಳ್ಳೆ ಬಿಸಿಲು, ರಾತ್ರಿ ಥಂಡಿ. ಹಣ್ಣು ನಿಧಾನ ಮಾಗುತ್ತದೆ, ವಾಸನೆ ಕೂಡುತ್ತದೆ, ಹುಳಿಯೂ ಇಳಿಯುವುದಿಲ್ಲ. ಅಲ್ಲಿ ದೊಡ್ಡ ಮಟ್ಟದ ವ್ಯಾಪಾರಕ್ಕೆ ಅಂತ ದ್ರಾಕ್ಷಿ ಹಚ್ಚಿದ್ದೇ 1973ರಲ್ಲಿ. ನಮ್ಮಪ್ಪನ ವಯಸ್ಸಿಗಿಂತ ಸಣ್ಣದು ಆ ಊರಿನ ವೈನು! ಆದರೂ ಇವತ್ತು ಸೊವಿನ್ಯೋ ಬ್ಲಾಂ ಅಂದರೆ ಮೊದಲು ನೆನಪಾಗುವುದು ಅದೇ ಊರು. ದ್ರಾಕ್ಷಿಯ ತವರು ಮಾತ್ರ ಫ್ರಾನ್ಸ್.

ತೋಟದಮನೆ ಶಿರಸಿ:
ತಂಗಿ, ಮೂರನೇ ಪ್ರಶ್ನೆಗೆ ನನ್ನ ಉತ್ತರ. ಬಾಟಲಿಯ ಹಿಂದೆ ಬರೆದದ್ದನ್ನು ಓದಲೇಬೇಡ. ನಮ್ಮಲ್ಲಿ ಶಬ್ದಕ್ಕೆ ಬರವೇ? ಅಪ್ಪೆಮಿಡಿ ಆರಿಸುವಾಗ ಒಂದೊಂದು ಮರದ ಸೊನೆಯ ಪರಿಮಳ ಮೂಸಿ "ಇದು ಜೀರಿಗೆ ಅಪ್ಪೆ" ಅನ್ನುವ ಜನ ನಾವು. ಒಂದೇ ಹೊಳೆ ದಂಡೆಯ ಎರಡು ಮರದ ಮಿಡಿಗೆ ಎರಡು ಪರಿಮಳ ಇರುತ್ತದೆ, ಅದಕ್ಕೆ ಯಾರೂ ಆಶ್ಚರ್ಯಪಡುವುದಿಲ್ಲ. ದ್ರಾಕ್ಷಿಗೆ ಮಾತ್ರ ಯಾಕೆ ಆಶ್ಚರ್ಯ?

ರೆಡ್ ವೈನ್ ಶುರು ಮಾಡಿದಾಗ ನಿನಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಟ್ಯಾನಿನ್ ಟ್ಯಾನಿನ್ ಅಂತಾರಲ್ಲ, ಅದು ನಮ್ಮ ಚೊಗರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ನೀರು. ನಾನು ಮೊದಲ ಸಲ ಗಡುಸಾದ ಕ್ಯಾಬರ್ನೆ ಸೊವಿನ್ಯೋ ಬಾಯಿಗೆ ಹಾಕಿದಾಗ ನೆನಪಾದದ್ದು ಸುಲಿಗೆಯ ರಾತ್ರಿ. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದೂ ಸುಲಿದೂ ಬೆರಳು ಕಪ್ಪಾಗಿರುತ್ತದೆ, ಅದೇ ಬೆರಳನ್ನು ತಪ್ಪಿ ಬಾಯಿಗಿಟ್ಟರೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತದಲ್ಲ, ಅದು. ಒಗರು ಅನ್ನುವುದು ನಿಜವಾಗಿ ರುಚಿಯೂ ಅಲ್ಲ, ಒಂದು ಸ್ಪರ್ಶ. ಜೊಲ್ಲಿನಲ್ಲಿರುವ ಪ್ರೋಟೀನನ್ನು ಅದು ಹಿಡಿದುಕೊಳ್ಳುತ್ತದೆ, ಬಾಯಿಯ ಜಾರು ಹೋಗುತ್ತದೆ. ಚಹಾಕ್ಕೆ ಹಾಲು ಹಾಕಿದರೆ ಒಗರು ಇಳಿಯುವುದೂ ಇದೇ ಕಾರಣಕ್ಕೆ, ಅಲ್ಲಿ ಹಾಲಿನ ಪ್ರೋಟೀನು ಸಿಗುತ್ತದೆ.

ಕುಮಟೆಯವ ಬೆಂಗಳೂರಲ್ಲಿ:
ಭಾವ, ಚೊಗರಿನ ವೈನ್ ಅಂತ ಹೇಳಿದರೆ ಯಾರಾದರೂ ಕುಡಿಯುತ್ತಾರಾ 😀

ತೋಟದಮನೆ ಶಿರಸಿ:
ಯಾರೂ ಕುಡಿಯದಿದ್ದರೆ ನನಗೇನು ಮಾರಾಯ, ಜಾಸ್ತಿ ಉಳಿಯುತ್ತದೆ. ಇನ್ನೊಂದು ವಿಷಯ ಕೇಳು. ಮಳೆಗಾಲ ಶುರುವಿಗೆ ಅಡಿಕೆಯ ಕೊಳೆರೋಗಕ್ಕೆ ಅಂತ ನಾವು ಹೊಡೆಸುವ ಬೋರ್ಡೋ ಮದ್ದು ಇದೆಯಲ್ಲ, ಆ ಬೋರ್ಡೋ ವೈನಿನ ಊರು! ನಾನು ನಲವತ್ತು ವರ್ಷ ಆ ಹೆಸರು ಹೇಳಿದ್ದೇನೆ. ಅದು ಫ್ರಾನ್ಸಿನ ಊರು ಅಂತ ತಿಳಿದದ್ದು ವೈನ್ ಬಾಟಲಿ ನೋಡಿದ ಮೇಲೆ.

ಕತೆ ಹೀಗೆ. ಬೋರ್ಡೋ ಹತ್ತಿರ ಮೆಡೋಕ್ ಅಂತ ಜಾಗ. ರಸ್ತೆ ಬದಿಯ ಬಳ್ಳಿಯಿಂದ ಹೋಗಿ ಬರುವವರು ದ್ರಾಕ್ಷಿ ಕೀಳುತ್ತಾರೆ ಅಂತ ತೋಟದವರು ಮೈಲುತುತ್ತ, ಸುಣ್ಣ ಕಲಸಿ ಎಲೆ ಮೇಲೆ ಚಿಮುಕಿಸುತ್ತಿದ್ದರು. ನೀಲಿ ಬಣ್ಣ ನೋಡಿ ವಿಷ ಅಂತ ಹೆದರಲಿ ಅಂತ. 1882ರಲ್ಲಿ ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಅಲ್ಲಿ ನಡೆದು ಹೋಗುವಾಗ ನೋಡಿದ. ಒಳಗಿನ ಬಳ್ಳಿಯೆಲ್ಲ ಬೂಜು ಹಿಡಿದು ಎಲೆ ಉದುರಿಸಿದೆ, ರಸ್ತೆ ಬದಿಯದು ಮಾತ್ರ ಹಸಿರಾಗಿ ನಿಂತಿದೆ. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ನಮ್ಮ ಕಡೆ ಅಡಿಕೆ ಕೊಳೆಗೆ ಇದನ್ನು ಹೊಡೆಯಬಹುದು ಅಂತ ತೋರಿಸಿದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್, 1910ರ ಹೊತ್ತಿಗೆ. ಅದಕ್ಕೂ ಮೊದಲು ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುವುದೊಂದೇ ದಾರಿ.

ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಳ್ಳರಿಗೆ ಅಂತ ಮಾಡಿದ ಮದ್ದು ಇವತ್ತೂ ನಮ್ಮ ಕೊನೆಗೌಡನ ಬೆನ್ನ ಮೇಲೆ ಮರ ಹತ್ತುತ್ತದೆ.

ಸುಮ್ನೆ ಓದುವವಳು:
ಇದು ಗೊತ್ತೇ ಇರಲಿಲ್ಲ!! ಅಪ್ಪನಿಗೆ ಓದಿ ಹೇಳಿದೆ. "ಹಾಗಾದರೆ ಅವರಿಗೂ ನಮ್ಮ ಹಾಗೆ ಮಳೆಯದೇ ಗೋಳು" ಅಂದರು.

ಬಿಜಾಪುರದ ಬಳ್ಳಿ:
ಅಪ್ಪಾರು ಸರಿಯಾಗೇ ಹೇಳ್ಯಾರ. ಇದಕ್ಕೇ ಶಿರಸಿ ಕಡೆ ದ್ರಾಕ್ಷಿ ಆಗುವುದಿಲ್ಲ. ಆ ಮಳೆ, ಆ ತೇವಕ್ಕೆ ವಾರದಲ್ಲಿ ಬೂಜು. ಕರ್ನಾಟಕದಲ್ಲಿ ವೈನ್ ದ್ರಾಕ್ಷಿ ಬೆಳೆಯುವುದು ಒಣ ಕಡೆ. ನಂದಿ ಬೆಟ್ಟದ ಬುಡ, ನಮ್ಮ ವಿಜಯಪುರ-ಬಾಗಲಕೋಟೆ ಕಡೆಯ ಕೃಷ್ಣೆಯ ಬಯಲು, ಹಂಪಿಯ ಗುಡ್ಡದ ಸುತ್ತ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ವೈನಿಗೆ ಬೇರೆ ನೀತಿಯನ್ನೇ ತಂದಿತು, ಆಮೇಲೆ ವೈನ್ ಬೋರ್ಡ್ ಅಂತಲೂ ಆಯಿತು.

ಕುಮಟೆಯವ ಬೆಂಗಳೂರಲ್ಲಿ:
ನಂದಿ ಬೆಟ್ಟದ ಹೆಸರು ಬಂತಲ್ಲ, ಒಂದು ಮಾತು. ಅಲ್ಲಿ ಗ್ರೋವರ್ ಅವರು ಫ್ರಾನ್ಸಿನ ತಳಿ ಹಚ್ಚಿ ಕಂಪನಿ ಶುರು ಮಾಡಿದ್ದು 1988ರಲ್ಲಿ, ನಾಸಿಕದ ಸುಲಾ ಕಂಪನಿಗಿಂತ ಮೊದಲೇ. ಆದರೆ ಚಿಕ್ಕಬಳ್ಳಾಪುರದ ಕಡೆ ಹೋದಾಗ ಬುಟ್ಟಿಯಲ್ಲಿ ಕಾಣುವ ಕಪ್ಪು ದ್ರಾಕ್ಷಿ ಬೆಂಗಳೂರು ಬ್ಲೂ, ಅದು ಬೇರೆ. ಅದಕ್ಕೆ ಭೌಗೋಳಿಕ ಸೂಚಿಕೆಯೂ ಇದೆ. ದಪ್ಪ ಸಿಪ್ಪೆ, ಜ್ಯಾಮಿನ ಹಾಗೆ ವಾಸನೆ. ಜ್ಯೂಸಿಗೆ, ಸಿಹಿ ವೈನಿಗೆ ಹೋಗುತ್ತದೆ. ಒಣ ವೈನಿಗೆ ಅದು ಹೇಳಿ ಮಾಡಿಸಿದ್ದಲ್ಲ. ಒಣ ಅಂದರೆ ಇಲ್ಲಿ ಸಿಹಿ ಇಲ್ಲದ್ದು ಅಂತ, ಸಕ್ಕರೆಯೆಲ್ಲ ಹುದುಗಿ ಹೋಗಿರುತ್ತದೆ. ಮೊದಲ ಸಲ ಅಂಗಡಿಯವನು ಡ್ರೈ ಬೇಕಾ ಅಂದಾಗ ನಾನು ಪುಡಿ ಏನೋ ಅಂದುಕೊಂಡಿದ್ದೆ.

ಮಾಜಾಳಿ ಗಡಿ:
ಪೋರ್ಟ್ ಬಗ್ಗೆ ಹೇಳಿದ್ದಕ್ಕೆ. ನಿಜವಾದ ಪೋರ್ಟ್ ಬರುವುದು ಪೋರ್ಚುಗಲ್ಲಿನ ಡೌರೋ ಕಣಿವೆಯಿಂದ. 1756ರಲ್ಲೇ ಅದಕ್ಕೆ ಗಡಿ ಗುರುತಿಸಿ, ಈ ಗಡಿಯ ಒಳಗೆ ಬೆಳೆದದ್ದು ಮಾತ್ರ ಅಂತ ನಿಯಮ ಮಾಡಿದರು. ಹುದುಗು ಅರ್ಧಕ್ಕೆ ಬಂದಾಗ ದ್ರಾಕ್ಷಿಯ ಸಾರಾಯಿ ಸುರಿಯುತ್ತಾರೆ, ಹುದುಗು ನಿಲ್ಲುತ್ತದೆ, ಸಕ್ಕರೆ ಉಳಿಯುತ್ತದೆ, ಅಮಲು ಶೇ. 20ರ ಹತ್ತಿರ ಬರುತ್ತದೆ. ನಾವು ಮಡಗಾಂವಿನಲ್ಲಿ ಅಗ್ಗಕ್ಕೆ ಕುಡಿಯುವುದು ಆ ಹೆಸರು ಹೊತ್ತ ಸಿಹಿ ವೈನ್ ಅಷ್ಟೇ. ಬೇಸರ ಮಾಡಿಕೊಳ್ಳಬೇಡಿ, ನನಗೂ ಅದೇ ಇಷ್ಟ.

ಇನ್ನೊಂದು, ಗೋವಾದಿಂದ ಬಾಟಲಿ ತರುವ ಯೋಚನೆ ಬೇಡ. ಇಲ್ಲಿ ಗಡಿಯ ಚೆಕ್‌ಪೋಸ್ಟಿನಲ್ಲಿ ಬ್ಯಾಗ್ ತೆಗೆಸುತ್ತಾರೆ. ದಿನಾ ನೋಡುತ್ತೇನೆ.

ಕೋಡಿಬಾಗದ ಗಾಳಿ:
ಇಲ್ಲ ಅಣ್ಣ, ತರುವುದಿಲ್ಲ. ಇಲ್ಲೇ ಕೊಂಡದ್ದರ ಕತೆ ಕೇಳಿ. ಬಾಂಗ್ಡೆ ತಂದ ದಿನ ಹುಮ್ಮಸ್ಸಿನಲ್ಲಿ ಇಲ್ಲಿಯ ಒಂದು ಅಂಗಡಿಯಿಂದ ರೆಡ್ ತಂದೆ. ಹೆಸರು ಬೇಡ. ಬಾಟಲಿ ಬಿಸಿಲು ಬೀಳುವ ಗಾಜಿನ ಪಕ್ಕ ನಿಂತಿತ್ತು. ಮನೆಗೆ ತಂದು ನೋಡಿದರೆ ಬೂಚು ಒಂದು ಅಕ್ಕಿ ಕಾಳಿನಷ್ಟು ಮೇಲೆ ಎದ್ದಿದೆ, ಪಕ್ಕದಲ್ಲಿ ಜಿನುಗಿ ಒಣಗಿದ ಅಂಟು. ಕುಡಿದರೆ ಬೇಯಿಸಿದ ಒಣದ್ರಾಕ್ಷಿಯ ವಾಸನೆ. ವಾಪಸ್ ಕೊಡಲು ಹೋದರೆ "ವೈನ್ ಹಳೆಯದಾದಷ್ಟು ಒಳ್ಳೇದು ಮೇಡಂ" ಅಂದರು.

ಮತ್ತೆ ಬಾಂಗ್ಡೆ ರವಾ ಫ್ರೈ ಜೊತೆ ಅದು ಇನ್ನೂ ಕೆಟ್ಟು ಹೋಯಿತು. ಬಾಯೆಲ್ಲ ಹಳೆ ನಾಣ್ಯ ನೆಕ್ಕಿದ ಹಾಗೆ.

ಕುಮಟೆಯವ ಬೆಂಗಳೂರಲ್ಲಿ:
ನಿಮಗೆ ಮೋಸ ಆಗಿದೆ. ಹೆಚ್ಚಿನ ವೈನ್ ಒಂದೆರಡು ವರ್ಷದಲ್ಲೇ ಕುಡಿಯಲು ಮಾಡಿದ್ದು, ಅಜ್ಜನ ಕಾಲದ್ದಾದರೆ ಚಂದ ಆಗುವುದು ಕೆಲವೇ ಕೆಲವು. ಬಿಸಿ ತಗುಲಿದರೆ ಅದೂ ಮುಗಿಯಿತು. ಬೂಚು ಎದ್ದಿದ್ದರೆ, ಜಿನುಗಿದ್ದರೆ ಮುಟ್ಟಬೇಡಿ. ನಮ್ಮ ಕರಾವಳಿಗೆ ತಿರುಪಿನ ಮುಚ್ಚಳದ ಬಾಟಲಿಯೇ ವಾಸಿ. ಅದು ಅಗ್ಗದ ಗುರುತಲ್ಲ, ಮಾರ್ಲ್‌ಬರೋದವರು ಹೆಚ್ಚಾಗಿ ಅದನ್ನೇ ಹಾಕುವುದು.

ರೆಡ್ ವೈನನ್ನು ರೂಮಿನ ಉಷ್ಣತೆಯಲ್ಲಿ ಕುಡಿಯಿರಿ ಅನ್ನುತ್ತಾರಲ್ಲ, ಅದು ಯುರೋಪಿನ ಹಳೆ ಕಲ್ಲಿನ ಮನೆಯ ರೂಮು, 16-18 ಡಿಗ್ರಿ. ಕಾರವಾರದ ಮೇ ತಿಂಗಳ ರೂಮು ಅಲ್ಲ. ಕುಡಿಯುವ ಅರ್ಧ ಗಂಟೆ ಮೊದಲು ರೆಡ್ಡನ್ನೂ ಫ್ರಿಜ್ಜಿಗೆ ಹಾಕಿ. ಸಾರಾಯಿಯ ಘಾಟು ಇಳಿದು ಹಣ್ಣು ಮುಂದೆ ಬರುತ್ತದೆ. ತೆರೆದ ಬಾಟಲಿಯನ್ನೂ ಫ್ರಿಜ್ಜಲ್ಲೇ ಇಟ್ಟು ಮೂರು ದಿನದಲ್ಲಿ ಮುಗಿಸಿ.

ಅಘನಾಶಿನಿ ಹಿನ್ನೀರು:
ಬಾಂಗ್ಡೆಯ ವಿಷಯಕ್ಕೆ ನಾನು. ರೆಡ್ ವೈನಿನಲ್ಲಿ ಕಬ್ಬಿಣದ ಅಂಶ ಸ್ವಲ್ಪ ಜಾಸ್ತಿ ಇದ್ದರೆ ಮೀನಿನ ಎಣ್ಣೆ ಜೊತೆ ಸೇರಿ ಆ ಹಸಿ ವಾಸನೆ ಏಳುತ್ತದೆ. ಬಾಂಗ್ಡೆ, ತಾರ್ಲೆ ಎಣ್ಣೆ ಮೀನು, ಅದಕ್ಕೆ ಜೋರು. ಹಾಗಂತ ಮೀನಿಗೆ ಬಿಳಿಯೇ ಅಂತ ಗೆರೆ ಎಳೆಯುವುದೂ ಸರಿಯಲ್ಲ. ನನ್ನ ಲೆಕ್ಕ ಮೀನಲ್ಲ, ಮಸಾಲೆ. ಬಳಚಿನ (ಹಿನ್ನೀರಿನ ಚಿಪ್ಪಿಯ) ಸುಕ್ಕಕ್ಕೆ ಕಾಯಿ, ಕೆಂಪು ಮೆಣಸು ಹಾಕಿರುತ್ತೀರಿ. ಖಾರದ ಬಾಯಿಗೆ ಒಗರು ವೈನ್ ಹಾಕಿದರೆ ಉರಿ ಇಮ್ಮಡಿ. ಅಲ್ಲಿ ಬೇಕಾದದ್ದು ಅಮಲು ಕಡಿಮೆ, ತುಸು ಸಿಹಿ, ಹುಳಿ ಚೆನ್ನಾಗಿ ಇರುವ ವೈನ್. ಜರ್ಮನಿಯ ಮೋಸೆಲ್ ನದಿಯ ರೀಸ್ಲಿಂಗ್ ಸಿಕ್ಕರೆ ಬಿಡಬೇಡಿ. ನಿಂತರೆ ಜಾರುವಂಥ ಕಡಿದಾದ ಕಪ್ಪು ಕಲ್ಲಿನ ಇಳಿಜಾರಿನಲ್ಲಿ ಬೆಳೆಯುತ್ತಾರೆ, ಕೆಲವು ಬಾಟಲಿಯಲ್ಲಿ ಅಮಲು ಶೇ. 8-9 ಮಾತ್ರ. ಅದು ಸಿಗದಿದ್ದರೆ ನಾಸಿಕದ ಶೆನಾ ಬ್ಲಾಂ, ಸ್ವಲ್ಪ ಸಿಹಿ ಇರುವುದು. ಬರೀ ಉಪ್ಪು, ಅರಿಶಿನ ಹಾಕಿ ಹುರಿದ ನೊಗಲಿ ಮೀನಿಗೆ ನಿಮ್ಮ ಸೊವಿನ್ಯೋ ಬ್ಲಾಂ ಸಾಕು, ನಿಂಬೆ ಹಿಂಡಿದ ಹಾಗೆ.

ಇನ್ನೊಂದು ಹುಚ್ಚು ವಿಷಯ. ಫ್ರಾನ್ಸಿನ ಶಬ್ಲಿ ಅನ್ನುವ ಊರಿನ ಮಣ್ಣಿನ ತುಂಬ ಕಲ್ಲಾಗಿ ಹೋದ ಸಿಂಪಿ. ಕೋಟಿ ಕೋಟಿ ವರ್ಷದ ಹಿಂದೆ ಅಲ್ಲಿ ಕಡಲಿತ್ತು. ಅಲ್ಲಿಯ ಶಾರ್ಡನೇ ಅನ್ನುವ ಬಿಳಿ ವೈನನ್ನು ಜನ ಸಿಂಪಿ ತಿನ್ನುವಾಗಲೇ ಕುಡಿಯುತ್ತಾರೆ. ನಮ್ಮ ಹಿನ್ನೀರಿನ ತಳದಲ್ಲೂ ಚಿಪ್ಪಿನ ರಾಶಿಯೇ ಇದೆ. ಅದನ್ನು ಬಗೆದು ಸುಣ್ಣ ಮಾಡಿದ್ದೇವೆ. ಚಿಪ್ಪಿನ ರುಚಿಯೇ ವೈನಿಗೆ ಇಳಿಯುತ್ತದೆ ಅಂತ ಮಾರುವವರು ಹೇಳುವುದನ್ನು ನಾನು ನಂಬುವುದಿಲ್ಲ, ಬೇರು ಚಿಪ್ಪು ಕುಡಿಯುವುದಿಲ್ಲ. ಆದರೆ ಕಲಗದ, ಅಂದರೆ ನಮ್ಮ ಸಿಂಪಿಯ, ಜೊತೆ ಕುಡಿದ ದಿನ ವಾದ ಮಾಡುವ ಮನಸ್ಸೂ ಇರಲಿಲ್ಲ.

ಸುಮ್ನೆ ಓದುವವಳು:
ನಾವು ಮೀನು ತಿನ್ನದವರು ಏನು ಮಾಡಬೇಕು 🙁 ಮತ್ತೆ ರೆಡ್ ವೈನ್ ಹೃದಯಕ್ಕೆ ಒಳ್ಳೇದು ಅಂತಾರಲ್ಲ, ಹೌದಾ?

ತೋಟದಮನೆ ಶಿರಸಿ:
ಎರಡನೇದಕ್ಕೆ ಮೊದಲು. ಔಷಧ ಅಂತ ಕುಡಿಯಬೇಡ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಅಂತಲೇ ಹೇಳಿದೆ. ರುಚಿಗೆ ಅಂತ ಎರಡು ಗುಟುಕು, ಅಷ್ಟೇ. ನಮ್ಮ ಅಮ್ಮ ಗ್ಲಾಸ್ ನೋಡಿದರೇ ಮುಖ ತಿರುಗಿಸುತ್ತಾಳೆ, ಊಟ ಆದ ಮೇಲೆ ದ್ರಾಕ್ಷಾರಿಷ್ಟ ಮಾತ್ರ ಎರಡು ಚಮಚ ತಪ್ಪುವುದಿಲ್ಲ. ಅದೂ ಹುದುಗಿದ್ದೇ ಅಮ್ಮ ಅಂದರೆ "ಅದು ವೈದ್ಯರು ಕೊಟ್ಟದ್ದು" ಅನ್ನುತ್ತಾಳೆ.

ಊಟಕ್ಕೆ ಬಂದರೆ, ಹಲಸಿನಕಾಯಿ ಹಪ್ಪಳ ಕರಿದು ಅದರ ಜೊತೆ ಗುಳ್ಳೆ ಬರುವ ವೈನ್ ಕುಡಿದು ನೋಡು. ಉಪ್ಪು, ಎಣ್ಣೆ, ಗರಿ ಗರಿ, ಮೇಲಿಂದ ಹುಳಿ ಗುಳ್ಳೆ. ನಾಸಿಕದಲ್ಲೂ ಶಾಂಪೇನಿನವರ ಹಾಗೆ ಬಾಟಲಿಯೊಳಗೇ ಎರಡನೇ ಸಲ ಹುದುಗಿಸಿ ಮಾಡುತ್ತಾರೆ. ಅಪ್ಪೆಹುಳಿ ಜೊತೆ ಮಾತ್ರ ಯಾವುದೂ ಬೇಡ. ಊಟ ವೈನಿಗಿಂತ ಹುಳಿ ಇದ್ದರೆ ವೈನ್ ನೀರಾಗುತ್ತದೆ. ಸಿಹಿಗೂ ಅದೇ, ತೊಡದೇವು ತಿಂದ ಬಾಯಿಗೆ ಒಣ ವೈನ್ ಬರೀ ಹುಳಿ.

ಕೋಡಿಬಾಗದ ಗಾಳಿಗೆ ಮುಂದಿನ ಜೋಡಿ ಹೇಳುತ್ತೇನೆ. ಶಿರಾಜ್ ಅನ್ನುವ ಕೆಂಪು ವೈನಿನ ದ್ರಾಕ್ಷಿ. ನಮ್ಮ ದೇಶದ್ದೊಂದು, ಆಸ್ಟ್ರೇಲಿಯಾದ್ದೊಂದು. ಫ್ರಾನ್ಸಿನ ರೋನ್ ಕಣಿವೆಯಲ್ಲಿ ಇದನ್ನೇ ಸಿರಾ ಅನ್ನುತ್ತಾರೆ. ಇದರಲ್ಲಿ ಕಾಳುಮೆಣಸಿನ ವಾಸನೆ ಬರುತ್ತದೆ. ಉಪಮೆಗೆ ಹೇಳಿದ್ದಲ್ಲ. ಕಾಳುಮೆಣಸಿನಲ್ಲಿರುವ ರೊಟುಂಡೋನ್ ಅನ್ನುವ ಅಂಶವೇ ಈ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಆಸ್ಟ್ರೇಲಿಯಾದವರು 2008ರಲ್ಲಿ ಕಂಡು ಹಿಡಿದರು. ತಂಪು ಜಾಗದ ಹಣ್ಣಿನಲ್ಲಿ ಜಾಸ್ತಿ. ಮಜಾ ಏನೆಂದರೆ ಐದು ಜನರಲ್ಲಿ ಒಬ್ಬರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ.

ಕುಮಟೆಯವ ಬೆಂಗಳೂರಲ್ಲಿ:
ಆಸ್ಟ್ರೇಲಿಯಾದ್ದೇ ಆರಿಸಿದ್ದು ಜಾಣತನ ಭಾವ. ಹೊರಗಿನ ವೈನಿಗೆ ಸುಂಕ ಶೇ. 150 ಇತ್ತು. 2022ರ ಡಿಸೆಂಬರ್ ಕೊನೆಗೆ ಜಾರಿಯಾದ ಒಪ್ಪಂದದಲ್ಲಿ ಅವರ 5 ಡಾಲರ್ ಮೇಲಿನ ಬಾಟಲಿಗೆ ಅದು 100ಕ್ಕೆ, 15 ಡಾಲರ್ ಮೇಲಿನದಕ್ಕೆ 75ಕ್ಕೆ ಇಳಿಯಿತು. ಬೆಲೆ ನೋಡಿದರೆ ನಮಗೆ ಇಳಿದ ಹಾಗೆ ಕಾಣುವುದಿಲ್ಲ, ಅದು ಬೇರೆ ಮಾತು. ಈ ಸಲ ನಾನೇ ತರುತ್ತೇನೆ, ಹಬ್ಬಕ್ಕೆ ಹೇಗೂ ಬರುತ್ತಿದ್ದೇನೆ.

ಕೋಡಿಬಾಗದ ಗಾಳಿ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಶಿರಾಜ್ ಆಯಿತು! ತೋಟದಮನೆಯಲ್ಲೇ, ಅಡಿಕೆ ಒಣಗಿಸುವ ಅಂಗಳದ ಕಟ್ಟೆ ಮೇಲೆ. ಐದು ಜನ. ಅಣ್ಣ ಕಾಳುಮೆಣಸು ಕಲ್ಲಿನಲ್ಲಿ ಜಜ್ಜಿ ಬಟ್ಟಲಲ್ಲಿ ಇಟ್ಟಿದ್ದರು. ಮೊದಲು ಬಟ್ಟಲು ಮೂಸಬೇಕು, ಆಮೇಲೆ ಗ್ಲಾಸು.

ನಮ್ಮ ದೇಶದ್ದರಲ್ಲಿ ಹಣ್ಣಾದ ನೇರಳೆ, ಸ್ವಲ್ಪ ಹೊಗೆ. ಒಗರು ಕಡಿಮೆ, ಕುಡಿಯಲು ಸುಲಭ. ಆಸ್ಟ್ರೇಲಿಯಾದ್ದರಲ್ಲಿ ಮೊದಲು ಏನೂ ಇಲ್ಲ. ಫ್ರಿಜ್ಜಿನ ತಂಪು ಇಳಿದ ಮೇಲೆ ಒಮ್ಮೆಲೇ ಮೆಣಸು, ಬಟ್ಟಲಲ್ಲಿ ಇದ್ದದ್ದೇ. ನಾನು, ತಮ್ಮ, ಕುಮಟೆಯವರು ಮೂವರೂ ಹೌದು ಹೌದು ಅಂದೆವು. ಅತ್ತಿಗೆ ಕುಡಿಯಲಿಲ್ಲ, ಬರೀ ಮೂಸಿ "ಇದು ಮೆಣಸು, ಅದು ನೇರಳೆ" ಅಂತ ನಮಗಿಂತ ಬೇಗ ಹೇಳಿದರು.

ಗೊತ್ತಾಗದೇ ಇದ್ದದ್ದು ಒಬ್ಬರಿಗೆ ಮಾತ್ರ. ಯಾರು ಅಂತ ಅವರೇ ಹೇಳಲಿ.

ತೋಟದಮನೆ ಶಿರಸಿ:
ನಾನೇ. ಮೂವತ್ತು ವರ್ಷದಿಂದ ಮೆಣಸು ಕೊಯ್ದು ಮಾರುತ್ತಿದ್ದೇನೆ. ಬಟ್ಟಲಿನದು ಗೊತ್ತಾಗುತ್ತದೆ, ಗ್ಲಾಸಿನದು ಏನು ಮಾಡಿದರೂ ಇಲ್ಲ. ಐದರಲ್ಲಿ ಒಬ್ಬ ಅಂತ ಬರೆದವನೇ ಆ ಒಬ್ಬ.

ಅಘನಾಶಿನಿ ಹಿನ್ನೀರು:
😂😂 ಮುಂದಿನ ಸಲ ನಮ್ಮಲ್ಲಿ. ಬಳಚು ನನ್ನದು, ರೀಸ್ಲಿಂಗ್ ಕುಮಟೆಯವರದು. ಗ್ಲಾಸ್ ನೀವೇ ತನ್ನಿ, ನಮ್ಮಲ್ಲಿ ಇರುವುದು ಮೂರೇ, ಒಂದರ ಅಂಚು ಒಡೆದಿದೆ.